ಕಾಟಯ್ಯನ ಹೆಸರಿನ ಪಾಸು

ಹುಲ್ಲುಬಂಡೆ ಹಟ್ಟಿ
ಹಿರಿಯೂರು ತಾಲ್ಲೂಕು
೧೨ ಜೂನ್ ೨೦೨೪

ನಾಗಣ್ಣನಿಗೆ,

ಫೋನ್ ಮಾಡಿದರೆ ನಿನ್ನ ಪಿ.ಎ. ದಯಾನಂದ ಎತ್ತುತ್ತಾನೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಏನಿದ್ದರೂ ಬರೆದು ಕಳಿಸಿ, ಬರೆದದ್ದನ್ನು ಅವರು ಓದಿಯೇ ಓದುತ್ತಾರೆ ಎಂದ. ಅದಕ್ಕೇ ಬರೆಯುತ್ತಿದ್ದೇನೆ. ಅವ್ವ ಹೋದ ಮೇಲೆ ದಿನಾ ಸಂಜೆ ನಾಲ್ಕು ಸಾಲು ಬರೆದಿಡುವುದು ರೂಢಿಯಾಗಿದೆ, ಹಾಗಾಗಿ ಕೈ ತಡೆಯುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಮೇಲ್ಮನೆಯಲ್ಲಿ ಎದ್ದು ನಿಂತು, ನಮ್ಮ ಹುಲ್ಲುಬಂಡೆ ಕಾವಲನ್ನು ಸೋಲಾರ್ ಕಂಪನಿಗೆ ಕೊಡಬೇಡಿ, ಅದು ದನ ಕುರಿ ಮೇಯಿಸುವವರ ಅನ್ನ, ಕೃಷ್ಣಮೃಗಗಳ ಮನೆ ಎಂದು ಮಾತಾಡಿದ್ದನ್ನು ಇಡೀ ಹಟ್ಟಿ ಒಂದೇ ಫೋನಿಗೆ ಮುತ್ತಿಕೊಂಡು ನೋಡಿತು. ಹಟ್ಟಿಯ ಯಜಮಾನ ಜಂಪಣ್ಣ ದೊಡ್ಡಪ್ಪ, "ನೋಡ್ರಲೇ, ನಮ್ ಕಾಟಯ್ಯನ ಮಗ ಎದ್ದು ನಿಂತ್ರೆ ಮಂತ್ರಿಗಳೂ ನೀರು ಕುಡಿತಾರೆ" ಅಂದ. ಅಪ್ಪ ನೋಡಲಿಲ್ಲ. ದೇವರ ದನಗಳ ಹತ್ತಿರ ಇದ್ದ. ನಾನು ಬುತ್ತಿ ಕೊಡುವಾಗ ಹೇಳಿದೆ. "ಚೆನ್ನಾಗಿ ಮಾತಾಡಿದ್ನಾ?" ಎಂದು ಕೇಳಿ ಕೈ ತೊಳೆದುಕೊಂಡ. ಆ ದಿನ ಒಂದು ತುತ್ತು ಹೆಚ್ಚಿಗೆ ಉಂಡ.

ಕಾವಲು ಉಳಿಯಿತು. ಕಂಪನಿ ಹೋಯಿತು. ಅದರ ಹಿಂದೆಯೇ ತಂತಿಬೇಲಿ ಬಂತು. ಹೋದ ವಾರ ಕೊನೆಯ ಕಂಬವನ್ನೂ ನೆಟ್ಟರು. ಸಂರಕ್ಷಿತ ಹುಲ್ಲುಗಾವಲು, ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದಾರೆ. ಕೆಳಗೆ ನಿನ್ನ ಹೆಸರೂ ಇದೆ.

ಅಪ್ಪ ದನಗಳನ್ನು ಬೇಲಿಯ ಸುತ್ತಲೂ ಹೊಡೆದುಕೊಂಡು ತಿರುಗುತ್ತಾನೆ. ಒಳಗೆ ಹೊಸ ಹುಲ್ಲು ಎದ್ದಿರುವುದು ಕಾಣುತ್ತದೆ. ದನಗಳು ತಂತಿಯ ಸಂದಿಗೆ ಮೂತಿ ಹಾಕಿ ನಾಲಿಗೆ ಚಾಚುತ್ತವೆ, ಮೂಗಿನ ಮೇಲೆಲ್ಲ ಗೀರಿಕೊಂಡಿವೆ. ನನ್ನ ಗಂಡ ಜುಂಜೇಶ ನಮ್ಮ ಮನೆಯ ಕುರಿಗಳನ್ನು ಹೊಡೆದುಕೊಂಡು ಹೊಸದುರ್ಗದ ಕಡೆ ಹೋದ, ಬಾಗೂರಿನ ತೆಂಗಿನ ತೋಟಗಳಲ್ಲಿ ಮಂದೆ ನಿಲ್ಲಿಸಿ ಹೇಗೋ ಮಳೆಗಾಲ ಕಳೆಯುತ್ತಾನೆ. ದೇವರ ದನ ಹಾಗೆ ಹೋಗುವಂತಿಲ್ಲ, ನಿನಗೆ ಗೊತ್ತು. ಅವು ಈ ಕಾವಲು ಬಿಟ್ಟು ಬೇರೆಡೆ ಮೇಯ್ದಿಲ್ಲ.

ನಾನು ಕೇಳುವುದು ಒಂದೇ. ಆ ದನಗಳಿಗೆ, ಅಪ್ಪನಿಗೆ, ಒಂದು ದಾರಿ ಬಿಡಿಸು.

ನಿನ್ನ ತಂಗಿ
ಯಶೋದಾ

*

ಶಾಸಕರ ಭವನ, ಬೆಂಗಳೂರು
೫ ಜುಲೈ ೨೦೨೪

ಯಶೋದಾ,

ನಿನ್ನ ಅಕ್ಷರ ನೋಡಿ ಅವ್ವನ ನೆನಪಾಯಿತು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೂ ನಿನ್ನ ಕಾಪಿ ಪುಸ್ತಕ ತೆಗೆದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಬೇಲಿಯ ವಿಷಯ. ಕಾವಲನ್ನು ಕಂಪನಿಯ ಬಾಯಿಂದ ಬಿಡಿಸಲು ಇದ್ದ ದಾರಿ ಇದೊಂದೇ. ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದರಿಂದಲೇ ಅದು ಇನ್ನೂ ಹುಲ್ಲುಗಾವಲಾಗಿ ಉಳಿದಿದೆ, ಇಲ್ಲದಿದ್ದರೆ ಇಷ್ಟೊತ್ತಿಗೆ ಗಾಜಿನ ಹಲಗೆಗಳ ಹೊಲವಾಗಿರುತ್ತಿತ್ತು. ಹುಲ್ಲು ಬೇರು ಕಚ್ಚಲು ಕೆಲವು ಮಳೆಗಾಲ ಯಾರೂ ಮೇಯಿಸಬಾರದು ಎಂದು ತಜ್ಞರು ಹೇಳಿದ್ದಾರೆ. ಆಮೇಲೆ ಮೇಯಿಸುವವರಿಗೇ ಹಕ್ಕು ಕೊಡಿಸಬೇಕು ಎಂಬುದು ನನ್ನ ಹೋರಾಟ. ಅದನ್ನು ಬಿಡುವುದಿಲ್ಲ.

ಈಗ ನಮ್ಮ ಹಟ್ಟಿಯ ದನಗಳಿಗೆ ಮಾತ್ರ ಬಾಗಿಲು ತೆಗೆಸಿದರೆ ನಾಳೆ ಪೇಪರಿನಲ್ಲಿ ಏನು ಬರುತ್ತದೆ ಯೋಚಿಸು. ಮಗ ಬೇಲಿ ಹಾಕಿಸಿದ, ಅಪ್ಪ ಒಳಗೆ ಮೇಯಿಸಿದ. ಇಷ್ಟು ದಿನದ ಕೆಲಸ ಒಂದು ಸಾಲಿಗೆ ಮಣ್ಣಾಗುತ್ತದೆ.

ಅಲ್ಲಿಯ ತನಕ ದನಗಳನ್ನು ಗೋಶಾಲೆಗೆ ಬಿಡಲಿ. ಮೇವು, ನೀರು, ಡಾಕ್ಟರು ಎಲ್ಲ ಸಿಗುವ ಹಾಗೆ ನಾನು ನೋಡಿಕೊಳ್ಳುತ್ತೇನೆ. ಅಪ್ಪನಿಗೂ ಈ ವಯಸ್ಸಿನಲ್ಲಿ ಸ್ವಲ್ಪ ವಿಶ್ರಾಂತಿ.

ಮುಂದಿನ ಅಧಿವೇಶನದಲ್ಲಿ ಪಶುಪಾಲಕರ ಬಗ್ಗೆ ಮಾತಾಡುವುದಿದೆ. ಕಿಲಾರಿಯ ಕಟ್ಟುಪಾಡುಗಳನ್ನು ನೀನೇ ವಿವರವಾಗಿ ಬರೆದು ಕಳಿಸು. ಹುಡುಗನಾಗಿದ್ದಾಗ ಹಾಸ್ಟೆಲಿಗೆ ಹೋದವನು ನಾನು, ನನಗೆ ಎಲ್ಲ ನೆನಪಿಲ್ಲ.

ನಾಗರಾಜ್

*

ಹುಲ್ಲುಬಂಡೆ ಹಟ್ಟಿ
೨ ಆಗಸ್ಟ್ ೨೦೨೪

ಅಣ್ಣ,

ಗೋಶಾಲೆಯ ಮಾತನ್ನು ಅಪ್ಪನಿಗೆ ಹೇಳಿದೆ. ಕೋಪ ಮಾಡಿಕೊಳ್ಳಲಿಲ್ಲ. "ಅವು ದೇವರ ದನ ಕಣವ್ವ. ಊರ ದನದ ಸಂಗಡ ಕಟ್ಟಿ ಹಾಕಿದ್ರೆ ಅವು ಏನಾಗ್ತವೆ?" ಎಂದು ಕೇಳಿದ. ನಾನು, ದನವೇ ಆಗುತ್ತವೆ ಎಂದೆ. "ಅದೇ ನೋಡು" ಎಂದ.

ಕಟ್ಟುಪಾಡು ಬರೆಯಲು ಹೇಳಿದ್ದೀಯ. ನಮ್ಮ ಹಟ್ಟಿಯಲ್ಲಿ ನಡೆದು ಬಂದದ್ದನ್ನು ಬರೆಯುತ್ತೇನೆ. ದೇವರಿಗೆ ಬಿಟ್ಟ ದನಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಹಟ್ಟಿಯೇ ಸೇರಿ ಮನುಷ್ಯರನ್ನು ಹೂಳುವಂತೆ ಹೂಳುತ್ತದೆ. ಅವುಗಳನ್ನು ಕಾಯುವವನು ಕಿಲಾರಿ. ಅವನು ಕಾಲಿಗೆ ಮೆಟ್ಟು ಹಾಕುವುದಿಲ್ಲ, ಮನೆಯಲ್ಲಿ ಮಲಗುವುದಿಲ್ಲ, ದನ ಕೂಡುವ ರೊಪ್ಪದ ಬಾಯಿಗೇ ಮಲಗುತ್ತಾನೆ. ಹಟ್ಟಿಯ ಒಲೆಯ ಮೇಲೆ ಬೆಂದದ್ದನ್ನು ಬಿಟ್ಟು ಬೇರೆ ಏನನ್ನೂ ಉಣ್ಣುವುದಿಲ್ಲ. ಹೋಟೆಲಿನ ಟೀ ಕೂಡ ಇಲ್ಲ. ಅವ್ವ ಮದುವೆಯಾಗಿ ಬಂದಾಗಿನಿಂದ ಸಾಯುವ ತನಕ ಅವನಿಗೆ ಬುತ್ತಿ ಹೊತ್ತಳು. ಅವಳು ಹೋದ ಮೇಲೆ ಅಪ್ಪ ಉಪವಾಸ ಬೀಳಬಾರದೆಂದೇ ನಾನು ಗಂಡನ ಮನೆ ಬಿಟ್ಟು ಬಂದು ಇಲ್ಲಿ ಒಲೆ ಹಚ್ಚುತ್ತಿದ್ದೇನೆ. ಜುಂಜೇಶ ಇದುವರೆಗೆ ಒಂದು ಮಾತು ಅಂದಿಲ್ಲ.

ಬೇರೆಯವರು ತಪ್ಪು ಮಾಡಿದರೆ ಶುದ್ಧಿಯುಂಟು, ದೇವರ ನೀರು ಚಿಮುಕಿಸಿ ಒಳಗೆ ಕರೆದುಕೊಳ್ಳುತ್ತಾರೆ. ಕಿಲಾರಿಗೆ ಶುದ್ಧಿಯಿಲ್ಲ. ಅವನು ಒಂದು ಸಲ ಹೊರಗಿನದನ್ನು ಉಂಡರೆ ಮತ್ತೆ ದನ ಮುಟ್ಟುವಂತಿಲ್ಲ.

ಗಾರ್ಡು ಶಿವಕುಮಾರಪ್ಪ ಒಳ್ಳೆಯವನು, ಹೊಳಲ್ಕೆರೆ ಕಡೆಯವನು. "ನೀವು ಎಮ್ಮೆಲ್ಸಿ ಸಾಹೇಬ್ರ ತಂದೆ, ನನ್ ಕೈಲಿ ಕೇಸ್ ಹಾಕಿಸ್ಬೇಡ್ರಿ ಯಜಮಾನ್ರೆ" ಎಂದು ಅಪ್ಪನಿಗೆ ಕೈ ಮುಗಿದ. ಅಪ್ಪ ಅವನಿಗೂ ಕೈ ಮುಗಿದ. ಆದರೆ ಎಷ್ಟು ದಿನ? ಬೇಲಿಯ ಹೊರಗೆ ಉಳಿದಿರುವುದು ಕಲ್ಲು, ಜಾಲಿ. ಒಂದು ಕರು ಆಗಲೇ ಸತ್ತಿದೆ. ಅಪ್ಪ ಒಂದು ದಿನ ಒಳಗೆ ಹೋಗಿಯೇ ಹೋಗುತ್ತಾನೆ.

ಹಾಗೇನಾದರೂ ಆದರೆ ಅವನನ್ನು ರಾತ್ರಿ ಉಳಿಸಿಕೊಳ್ಳದ ಹಾಗೆ ನೋಡಿಕೋ. ಉಳಿಸಿಕೊಂಡರೂ ನನ್ನ ಬುತ್ತಿ ಅವನಿಗೆ ಮುಟ್ಟಬೇಕು. ಅಷ್ಟು ಮಾಡು.

ಯಶೋದಾ

*

ಚಿತ್ರದುರ್ಗ
೩೦ ಆಗಸ್ಟ್ ೨೦೨೪

ಯಶೋದಾ,

ಪೇಪರಿನ ಕತ್ತರಿಕೆ ಇದರ ಜೊತೆಗಿದೆ. ಮೊನ್ನೆ ಚಿತ್ರದುರ್ಗದ ವಿಚಾರ ಸಂಕಿರಣದಲ್ಲಿ ನಿನ್ನ ಕಾಗದವನ್ನೇ ಓದಿದೆ. "ಅವು ಏನಾಗ್ತವೆ? ದನವೇ ಆಗುತ್ತವೆ" ಎಂಬಲ್ಲಿಗೆ ಬಂದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ದೆಹಲಿಯಿಂದ ಬಂದಿದ್ದ ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ನಿನ್ನ ಹೆಸರು ಹೇಳಲಿಲ್ಲ, ಒಬ್ಬ ಪಶುಪಾಲಕರ ಮಗಳು ಎಂದೆ.

ಇಂಥದು ಇನ್ನೂ ಇದ್ದರೆ ಬರೆ. ಅಪ್ಪ ಹೇಳಿದ ಮಾತುಗಳನ್ನು ಹೇಳಿದ ಹಾಗೆಯೇ ಬರೆ.

ನಾಗರಾಜ್

*

ಚಿತ್ರದುರ್ಗ
೯ ಅಕ್ಟೋಬರ್ ೨೦೨೪

ಯಶೋದಾ,

ನಿನ್ನಿಂದ ಕಾಗದವಿಲ್ಲ, ಫೋನೂ ಇಲ್ಲ. ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ ಎಂದು ದಯಾನಂದ ಹೇಳಿದ. ಆದದ್ದನ್ನು ನನ್ನ ಬಾಯಿಂದ ಕೇಳು.

ಅಪ್ಪ ತಂತಿ ಬಗ್ಗಿಸಿ ದನಗಳ ಸಮೇತ ಒಳಗೆ ಸಿಕ್ಕಿಬಿದ್ದ ಸುದ್ದಿ ನನಗಿಂತ ಮೊದಲು ಟಿವಿಯವರಿಗೆ ಮುಟ್ಟಿತ್ತು. ಮೈಕು ಹಿಡಿದು, ನಿಮ್ಮ ತಂದೆಯನ್ನು ಬಿಡಿಸುತ್ತೀರಾ ಎಂದು ಕೇಳಿದರು. ಕಾನೂನು ಎಲ್ಲರಿಗೂ ಒಂದೇ, ನನ್ನ ತಂದೆಗೂ ಒಂದೇ ಎಂದೆ. ಬೇರೆ ಏನು ಹೇಳಲಿ? ಒಂದು ಫೋನ್ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಬಿಡುತ್ತಿದ್ದರು. ಮಾಡಿದ್ದರೆ ನಾಳೆ ಪ್ರತಿ ಶ್ರೀಮಂತನೂ ತನ್ನ ಎಮ್ಮೆಗಳನ್ನು ಒಳಗೆ ನುಗ್ಗಿಸುತ್ತಿದ್ದ. ಆ ರಾತ್ರಿ ನಾನೂ ನಿದ್ದೆ ಮಾಡಲಿಲ್ಲ. ಮರುದಿನವೇ ಜಾಮೀನು ಆಯಿತಲ್ಲ.

ಅಪ್ಪನಿಗೆ ತೊಂದರೆಯಾಗದಿರಲಿ ಎಂದು ದಯಾನಂದನನ್ನೇ ಕಾವಲಿನ ಕಚೇರಿಗೆ ಕಳಿಸಿದ್ದೆ. ಹೊದೆಯಲು ಒಳ್ಳೆಯ ರಗ್ಗು, ಊಟ, ಎಲ್ಲ ವ್ಯವಸ್ಥೆ ಮಾಡಿದ. ಅಪ್ಪ ಮುದ್ದೆ ಉಣ್ಣುತ್ತಿರುವ ಫೋಟೋ ನನ್ನ ಪೇಜಿನಲ್ಲಿ ಹಾಕಿದ್ದಾನೆ, ನೋಡಿರಬಹುದು. ಮಗ ಕಾನೂನನ್ನೂ ಬಿಡಲಿಲ್ಲ, ಅಪ್ಪನನ್ನೂ ಬಿಡಲಿಲ್ಲ ಎಂದು ಎಷ್ಟೋ ಜನ ಬರೆದಿದ್ದಾರೆ. ಅದನ್ನೆಲ್ಲ ಎರಡೆರಡು ಸಲ ಓದಿದೆ.

ಅಪ್ಪ ಹೇಗಿದ್ದಾನೆ? ಒಂದು ಸಾಲು ಬರೆ.

ನಾಗರಾಜ್

*

ಹುಲ್ಲುಬಂಡೆ ಹಟ್ಟಿ
೨೧ ಅಕ್ಟೋಬರ್ ೨೦೨೪

ಅಣ್ಣ,

ನಿನ್ನ ಬಾಯಿಂದ ಕೇಳಿದೆ. ಈಗ ನನ್ನ ಕೈಯಿಂದ ಓದು.

ಆ ಸಂಜೆ ಮುದ್ದೆ, ಹುರುಳಿ ಸಾರು ಕಟ್ಟಿಕೊಂಡು ಕಚೇರಿಯ ಮುಂದೆ ನಿಂತಿದ್ದೆ. ಒಳಗೆ ಬಿಡಲಿಲ್ಲ. ನಿನ್ನ ಕಾರು ಬಂತು. ಕಾರಿನ ಬಾಗಿಲು ತೆಗೆದಾಗ ನೀನಿರುತ್ತೀಯ ಎಂದುಕೊಂಡೆ. ದಯಾನಂದ ಇಳಿದ. "ಕೊಡ್ರಿ ಅಕ್ಕಾ, ನಾನೇ ಕೊಡ್ತೀನಿ, ನೀವು ಕತ್ಲಾಗೋ ಮುಂಚೆ ಹೋಗ್ರಿ" ಎಂದು ಬುತ್ತಿ ತೆಗೆದುಕೊಂಡ. ನಾನು ಕಿಲಾರಿಯ ವಿಷಯ ಹೇಳಿದೆ. ಸಾಹೇಬರು ಎಲ್ಲ ಹೇಳಿದ್ದಾರೆ ಎಂದ. ಅವನನ್ನು ನಂಬಿ ಬಂದೆ.

ನನ್ನ ಬುತ್ತಿಯ ಬಟ್ಟೆಗೆ ಮಸಿಯಾಗಿತ್ತು, ಮುದ್ದೆ ಒಡೆದಿತ್ತು. ಅದು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವೆಂದು ಅವನು ಹೈವೇ ಪಕ್ಕದ ಖಾನಾವಳಿಯಿಂದ ಊಟ ತರಿಸಿದ. ಅಲ್ಲೂ ಮುದ್ದೆ ಸಿಗುತ್ತದೆ. ನನ್ನ ಬುತ್ತಿಯನ್ನು ಡ್ರೈವರಿಗೆ ಕೊಟ್ಟನಂತೆ. ಇದನ್ನೆಲ್ಲ ನನಗೆ ಹೇಳಿದವನು ಗಾರ್ಡು ಶಿವಕುಮಾರಪ್ಪ. ಅಪ್ಪ ತಟ್ಟೆಯ ಮುಂದೆ ಕುಳಿತು ಮೊದಲು ಕೇಳಿದನಂತೆ, "ಹಟ್ಟೀದಾ?" ದಯಾನಂದ, "ಹೂಂ ಯಜಮಾನ್ರೆ, ನಿಮ್ ಮಗಳೇ ತಂದಿದ್ದು" ಅಂದನಂತೆ. ಅಪ್ಪನಿಗೆ ಸಂಜೆಯಾದರೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮಗಳು ತಂದದ್ದು ಎಂದು ಉಂಡ.

ಫೋಟೋವನ್ನು ಹಟ್ಟಿಯವರೆಲ್ಲ ನೋಡಿದರು. ತಟ್ಟೆಯ ಅಂಚಿನಲ್ಲಿ ಖಾನಾವಳಿಯ ಹೆಸರು ಕೊರೆದಿತ್ತು.

ಅಪ್ಪ ಜಾಮೀನಿನ ಮೇಲೆ ಬಿಡುಗಡೆಯಾಗಿ ನೇರ ರೊಪ್ಪಕ್ಕೇ ನಡೆದು ಬಂದ. ರೊಪ್ಪದ ಬಾಯಿಗೆ ಜಂಪಣ್ಣ ದೊಡ್ಡಪ್ಪ ಮುಳ್ಳು ಎಳೆದು ಕುಳಿತಿದ್ದ. ಫೋನನ್ನು ಮುಂದೆ ಹಿಡಿದ. "ನೋಡಪ್ಪ ಕಾಟಯ್ಯ. ಇದು ಯಾರ ತಟ್ಟೆ?"

ಅಪ್ಪ ಫೋನನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನೀನು ತಂದಿದ್ದಲ್ವಾ?" ಎಂದ. ನಾನು ಹೌದು ಎನ್ನಬಹುದಿತ್ತು. ಎಲ್ಲರ ಮುಂದೆ ದೇವರ ದನಗಳು ನಿಂತಿದ್ದವು. ಅಲ್ಲ ಎಂದೆ.

ಅವನು ಯಾರನ್ನೂ ಬಯ್ಯಲಿಲ್ಲ. ಕೋಲನ್ನು ಕೆಳಗಿಟ್ಟ. ಕೋಲನ್ನು ಕ್ಯಾತಣ್ಣ ಎತ್ತಿಕೊಂಡ. ಅವನಿಗೆ ದನ ಕಾಯುವುದನ್ನು ಕಲಿಸಿದವನು ಅಪ್ಪನೇ. ಈಗ ಅಪ್ಪ ಹಟ್ಟಿಯ ಮುಳ್ಳುಬೇಲಿಯ ಆಚೆ, ಹುಣಸೆಮರದ ಕೆಳಗೆ ಗುಡಿಸಲು ಹಾಕಿಕೊಂಡಿದ್ದಾನೆ. ಅವನ ತಟ್ಟೆ ಬೇರೆ, ಚೊಂಬು ಬೇರೆ. ದನಗಳು ಹೋಗುವಾಗ ಬರುವಾಗ ಅವನು ಗುಡಿಸಲಿನ ಒಳಗಿರಬೇಕು, ಅವನ ನೆರಳು ಬೀಳಬಾರದು.

ನೀನು ಕೇಳಿದ ಒಂದು ಸಾಲು ಇದು. ಅಪ್ಪ ಆರೋಗ್ಯವಾಗಿದ್ದಾನೆ.

ಯಶೋದಾ

*

ಬೆಳಗಾವಿ
೧೮ ಡಿಸೆಂಬರ್ ೨೦೨೪

ಯಶೋದಾ,

ಹಲವು ಸಲ ಬರೆಯಲು ಕೂತು ಹರಿದು ಹಾಕಿದೆ. ದಯಾನಂದನನ್ನು ಬೈದೆ, ಕೆಲಸದಿಂದ ತೆಗೆಯಲು ಆಗಲಿಲ್ಲ. ಅವನಿಲ್ಲದೆ ನನ್ನ ಕಚೇರಿ ನಡೆಯುವುದಿಲ್ಲ, ಅವನಿಗೂ ಮಕ್ಕಳಿದ್ದಾರೆ. ಜಂಪಣ್ಣ ದೊಡ್ಡಪ್ಪನಿಗೆ ಫೋನ್ ಮಾಡಿ, ತಿಳಿಯದೆ ಉಂಡದ್ದು ತಪ್ಪಾಗುತ್ತದೆಯೇ ಎಂದು ಕೇಳಿದೆ. "ನೀನು ಬೇಲಿ ಹಾಕಿದಾಗ, ತಿಳಿದು ಬಂದ ದನ ಯಾವುದು, ತಿಳಿಯದೆ ಬಂದ ದನ ಯಾವುದು ಅಂತ ಕೇಳಿದ್ಯೇನಪ್ಪ?" ಎಂದ.

ಆದರೆ ಈ ಸಲ ಬರಿಗೈಯಲ್ಲಿ ಬರೆಯುತ್ತಿಲ್ಲ. ಈ ಅಧಿವೇಶನದಲ್ಲಿ ಪಟ್ಟು ಹಿಡಿದು ಕೂತು ಒಂದು ಮಾತು ಗೆದ್ದಿದ್ದೇನೆ. ಹುಲ್ಲುಬಂಡೆಯಲ್ಲಿ ಪಾರಂಪರಿಕ ಮೇಯಿಸುವವರಿಗೆ ಪಾಸು ಕೊಡಲು ಒಪ್ಪಿದ್ದಾರೆ. ಪ್ರಾಯೋಗಿಕವಾಗಿ ಮೊದಲ ಪಾಸು ಒಂದೇ. ಅದನ್ನು ಅಪ್ಪನ ಹೆಸರಿಗೇ ಮಾಡಿಸಿದ್ದೇನೆ. ಕಾಟಯ್ಯ, ಕಿಲಾರಿ, ಹುಲ್ಲುಬಂಡೆ ಹಟ್ಟಿ. ಅವನು ಬದುಕಿರುವ ತನಕ ನಡೆಯುತ್ತದೆ. ಅವನು ಖುದ್ದಾಗಿ ಗೇಟಿನಲ್ಲಿ ಹಾಜರಿದ್ದರೆ ಮಾತ್ರ ದನಗಳನ್ನು ಒಳಗೆ ಬಿಡುತ್ತಾರೆ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಈ ಷರತ್ತು ಬರೆಸಿದ್ದೂ ನಾನೇ. ಇಲ್ಲದಿದ್ದರೆ ಬಡವರ ಹೆಸರಿನ ಪಾಸು ಹಿಡಿದುಕೊಂಡು ಉಳ್ಳವರು ಮೇಯಿಸುತ್ತಾರೆ, ಬೇರೆ ಕಡೆ ಅದನ್ನು ಕಂಡಿದ್ದೇನೆ.

ಇನ್ನು ಹಟ್ಟಿಯವರು ಅಪ್ಪನನ್ನು ದೂರ ಇಡಲು ಹೇಗೆ ಸಾಧ್ಯ? ಅವನಿಲ್ಲದೆ ದನ ಒಳಗೆ ಹೋಗುವುದಿಲ್ಲ. ಅವರೇ ಬಂದು ಕರೆದುಕೊಂಡು ಹೋಗುತ್ತಾರೆ ನೋಡು.

ನಾಗರಾಜ್

*

ಹುಲ್ಲುಬಂಡೆ ಹಟ್ಟಿ
೨ ಫೆಬ್ರವರಿ ೨೦೨೫

ಅಣ್ಣ,

ನೀನು ಬರೆದ ಹಾಗೆಯೇ ಆಯಿತು. ಅವರೇ ಬಂದು ಕರೆದುಕೊಂಡು ಹೋದರು.

ಪಾಸು ಬಂದಾಗ ದನಗಳ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಬಬ್ಬೂರಿಗೆ ಕೂಲಿಗೆ ಹೋಗುವ ಹೆಂಗಸರು ದಾರಿಯ ಬದಿಯ ಹುಲ್ಲು ಕೊಯ್ದು ತಂದು ಹಾಕುತ್ತಿದ್ದರು, ಅದು ಯಾವ ಮೂಲೆಗೆ? ಹಟ್ಟಿ ಸೇರಿತು. ಪಾಸಿನಲ್ಲಿ ಕಿಲಾರಿ ಕಾಟಯ್ಯ ಎಂದು ಬರೆದಿದೆ, ಕಾಟಯ್ಯ ಕಿಲಾರಿಯಲ್ಲ. ಕ್ಯಾತಣ್ಣ ಕಿಲಾರಿ, ಅವನ ಹೆಸರಿಗೆ ಪಾಸಿಲ್ಲ. ನಾನು ಎದ್ದು, ಹಾಗಾದರೆ ಅಪ್ಪನನ್ನು ಮತ್ತೆ ರೊಪ್ಪಕ್ಕೆ ಬಿಡಿ ಎಂದೆ. ಯಾರೂ ನನ್ನ ಮುಖ ನೋಡಲಿಲ್ಲ. ಕೊನೆಗೆ ಜಂಪಣ್ಣ ದೊಡ್ಡಪ್ಪ ತೀರ್ಮಾನ ಹೇಳಿದ. ಅಪ್ಪ ದಿನಾ ಬೆಳಿಗ್ಗೆ ದನಗಳಿಗಿಂತ ಮೊದಲು ಹೋಗಿ ಗೇಟಿನಲ್ಲಿ ಪಾಸು ತೋರಿಸಿ, ದೂರದ ಬೇವಿನ ಮರದ ಕೆಳಗೆ ಕೂರಬೇಕು. ದನ ಒಳಗೆ ಹೋಗಿ ಸಂಜೆ ಹೊರಗೆ ಬರುವ ತನಕ ಅಲ್ಲೇ ಇರಬೇಕು. ಒಳಗೆ ಹೋಗಬಾರದು, ಮುಟ್ಟಬಾರದು, ಕರೆಯಬಾರದು.

ಅಪ್ಪ ಒಪ್ಪಿದ. ನಾನು ಅವನಿಗೆ ಬೇಡ ಎಂದೆ. ಪಾಸು ಹರಿದು ಹಾಕು, ಅವರಿಗೆ ಆಗ ಗೊತ್ತಾಗುತ್ತದೆ ಎಂದೆ. "ಅವರಿಗೆ ಗೊತ್ತಾಗೋ ಹೊತ್ತಿಗೆ ದನ ಇರಲ್ಲ ಕಣವ್ವ" ಅಂದ.

ಮೊದಲ ದಿನ ನಾನೂ ಹೋಗಿದ್ದೆ. ದನಗಳು ಗೇಟಿನ ಹತ್ತಿರ ಬಂದು ಅಪ್ಪನನ್ನು ಕಂಡು ನಿಂತುಬಿಟ್ಟವು. ಕಣ್ಣ ಮುಂದೆ ಹುಲ್ಲಿತ್ತು, ಆದರೂ ಒಳಗೆ ಹೋಗಲಿಲ್ಲ. ಮುದಿ ಕೆಂದೆತ್ತು ಗುಂಪು ಬಿಟ್ಟು ಬೇವಿನ ಮರದ ಕಡೆ ಬಂತು. ಅಪ್ಪ ಎದ್ದು ಹಿಂದೆ ಸರಿದ. ಅದು ಮುಂದೆ ಬಂತು. ಇವನು ಇನ್ನೂ ಹಿಂದೆ ಸರಿದು ಬೆನ್ನು ತಿರುಗಿಸಿ ಮರವನ್ನು ತಬ್ಬಿಕೊಂಡು ನಿಂತ. ಕ್ಯಾತಣ್ಣ ಓಡಿ ಬಂದು ಎತ್ತಿಗೆ ಹೊಡೆದ. ದೇವರ ದನಕ್ಕೆ ಕೋಲು ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ತಿರುಗದೆಯೇ ಹೇಳಿದ: "ಹೊಡೀಬ್ಯಾಡ ಕ್ಯಾತಾ. ಕಲ್ಲು ತಗಂಡು ನನಗೆ ಎಸಿ. ನನ್ನ ಓಡಿಸಿದ್ರೆ ಅದೂ ಹೋಗ್ತೈತೆ."

ಕ್ಯಾತಣ್ಣ ಕಲ್ಲು ಎಸೆದ. ಒಂದು ತಾಗಿತು. ಅಪ್ಪ ಹಳ್ಳದ ಕಡೆ ಓಡಿದ. ಎತ್ತು ಸ್ವಲ್ಪ ಹೊತ್ತು ನೋಡಿ ತಿರುಗಿತು.

ಕೆಲವು ದಿನ ಹಾಗೇ ನಡೆಯಿತು. ಈಗ ಕಲ್ಲು ಬೇಕಾಗಿಲ್ಲ. ಹೊಟ್ಟೆ ತುಂಬಿದ ದನಗಳು ಬೇಗ ಕಲಿತವು.

ಯಶೋದಾ

*

ಶಾಸಕರ ಭವನ, ಬೆಂಗಳೂರು
೨೦ ಮಾರ್ಚ್ ೨೦೨೫

ಯಶೋದಾ,

ನಿನ್ನ ಕಾಗದವನ್ನು ಒಂದೇ ಸಲ ಓದಿದೆ. ಮತ್ತೆ ಓದಲು ಧೈರ್ಯವಾಗಲಿಲ್ಲ. ಬಂದು ಅಪ್ಪನ ಕಾಲು ಹಿಡಿಯಬೇಕು ಅನ್ನಿಸುತ್ತದೆ. ಬಜೆಟ್ ಅಧಿವೇಶನ ಮುಗಿಯಲಿ ಎಂದು ತಡೆದೆ.

ಒಂದು ಒಳ್ಳೆಯ ಸುದ್ದಿ. ಹುಲ್ಲುಬಂಡೆಯ ಪಾಸು ಯಶಸ್ವಿಯಾಗಿದೆ ಎಂದು ವರದಿ ಬಂದಿದೆ. ಹುಲ್ಲೂ ಉಳಿದಿದೆ, ದನಗಳೂ ಉಳಿದಿವೆ. ಇದನ್ನೇ ಮಾದರಿಯಾಗಿ ಇಟ್ಟುಕೊಂಡು ಇಡೀ ಜಿಲ್ಲೆಯ ಕಾವಲುಗಳಿಗೆ ಪಾಸು ತರಲು ಮಸೂದೆ ಸಿದ್ಧವಾಗುತ್ತಿದೆ. ಮುಂದಿನ ಮಳೆಗಾಲದ ಅಧಿವೇಶನದಲ್ಲಿ ಮಂಡಿಸುತ್ತೇನೆ. ಸಾವಿರಾರು ಮನೆಗಳಿಗೆ ಅನುಕೂಲ. ಆಗ ಪಾಸು ಹಟ್ಟಿಯ ಹೆಸರಿಗೇ ಇರುತ್ತದೆ, ಒಬ್ಬರ ಹೆಸರಿಗಲ್ಲ. ಅಪ್ಪ ಗೇಟಿನಲ್ಲಿ ಕೂರುವುದು ಆಗ ತಪ್ಪುತ್ತದೆ.

ಅಲ್ಲಿಯ ತನಕ ಈ ಒಂದು ಪಾಸು ನಿಲ್ಲಬಾರದು. ನಿಂತರೆ ಯೋಜನೆ ಸೋತಿತು ಎಂದು ಕಂಪನಿಯವರು ಮತ್ತೆ ಬರುತ್ತಾರೆ, ಕಾದು ಕೂತಿದ್ದಾರೆ.

ಏಪ್ರಿಲ್ ಕೊನೆಗೆ ಚಿತ್ರದುರ್ಗದಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಅಪ್ಪನಿಗೆ ಸನ್ಮಾನ. ನಾನೇ ಶಾಲು ಹೊದಿಸಬೇಕು ಎಂದುಕೊಂಡಿದ್ದೇನೆ. ಅವನನ್ನು ಒಪ್ಪಿಸು. ಕಾರು ಕಳಿಸುತ್ತೇನೆ, ದಯಾನಂದ ಬರುವುದಿಲ್ಲ.

ನಾಗರಾಜ್

*

ಹುಲ್ಲುಬಂಡೆ ಹಟ್ಟಿ
೧೯ ಏಪ್ರಿಲ್ ೨೦೨೫

ಅಣ್ಣ,

ಇದನ್ನು ಬಾಗಿಲು ಹಾಕಿಕೊಂಡು ಓದು. ಯಾವ ಸಭೆಗೂ ಇದು ಬೇಡ.

ಯುಗಾದಿ ಕಳೆದ ಮೇಲೆ ಅಪ್ಪನಿಗೆ ಜ್ವರ ಬಂತು. ಬೇವಿನ ಮರದಲ್ಲಿ ಎಲೆ ಉದುರಿ ಹೊಸ ಚಿಗುರು ಸಣ್ಣದಿತ್ತು, ನೆರಳಿರಲಿಲ್ಲ. ಹಿರಿಯೂರಿನ ಆಸ್ಪತ್ರೆಗೆ ಹೋಗೋಣ ಎಂದು ನಾನು ಆಟೋ ಕರೆಸಿದೆ. ಜಂಪಣ್ಣ ದೊಡ್ಡಪ್ಪ ಆಟೋದ ಮುಂದೆ ನಿಂತ. ಅಡ್ಮಿಟ್ ಮಾಡಿಕೊಂಡರೆ ಗೇಟಿಗೆ ಯಾರು ಹೋಗುತ್ತಾರೆ ಎಂದ. ನಾನು ಬಾಯಿಗೆ ಬಂದಂತೆ ಬೈದೆ. ಅಪ್ಪನೇ ಆಟೋದವನನ್ನು ವಾಪಸ್ಸು ಕಳಿಸಿದ. ಹಿರಿಯೂರಿನಿಂದ ಮಾತ್ರೆ ತರಿಸಿ ಕೊಟ್ಟೆ.

ನಡೆಯಲು ಆಗದಿದ್ದಾಗ ಮಂಚದ ಸಮೇತ ಹೊತ್ತರು. ಅವನನ್ನು ಮುಟ್ಟಬಾರದೆಂದು ದೂರ ಇಟ್ಟವರೇ, ಅವನನ್ನು ಮುಟ್ಟದೆ ಮಂಚವನ್ನು ಮಾತ್ರ ಮುಟ್ಟಿ, ಬೆಳಿಗ್ಗೆ ಬೇವಿನ ಮರದ ಕೆಳಗೆ ಇಳಿಸಿ ಸಂಜೆ ಗುಡಿಸಲಿಗೆ ತಂದು ಬಿಡುತ್ತಿದ್ದರು. ಹಟ್ಟಿಯ ಪ್ರತಿ ಮನೆಯಿಂದಲೂ ಗಂಜಿ ಬಂತು, ಹಾಲು ಬಂತು, ಒಂದು ಮನೆಯವರು ಮರಿ ಕೊಯ್ದು ಸಾರು ಕಳಿಸಿದರು. ನಿನ್ನ ಅಪ್ಪನಿಗೆ ಹಟ್ಟಿ ಇಷ್ಟು ಉಪಚಾರ ಮಾಡಿದ್ದನ್ನು ಅವ್ವ ನೋಡಬೇಕಿತ್ತು. ಬೆಳಗಾದರೆ ಜಂಪಣ್ಣ ದೊಡ್ಡಪ್ಪ ಗುಡಿಸಲಿನ ಬಾಗಿಲಿಗೆ ಬಂದು, "ಕಾಟಯ್ಯ, ಅದೀಯೇನಪ್ಪ?" ಎಂದು ಕೂಗುತ್ತಿದ್ದ. ಒಳಗಿನಿಂದ ಅಪ್ಪ ಹೂಂ ಎಂದರೆ ದನ ಬಿಚ್ಚುತ್ತಿದ್ದರು.

ಸೋಮವಾರ ಬೆಳಿಗ್ಗೆ ಅಪ್ಪ ಹೂಂ ಎನ್ನಲಿಲ್ಲ.

ನಾನು ಮುಟ್ಟಿ ನೋಡಿದೆ. ತಣ್ಣಗಾಗಿ ಬಹಳ ಹೊತ್ತಾಗಿತ್ತು. ಅಳಲು ಬಾಯಿ ತೆಗೆದೆ. ಜಂಪಣ್ಣ ದೊಡ್ಡಪ್ಪ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತ. ಈ ಗುಡಿಸಲಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಅಪ್ಪನ ಮುಖವನ್ನೇ ನೋಡುತ್ತಾ ನನಗೆ ಒಂದೇ ಮಾತು ಹೇಳಿದ.

"ಮಳೆ ಬರೋ ತನಕ ಅಳಬ್ಯಾಡ ಯಶೋದಾ."

ನಾನು ಅವನ ಮುಖಕ್ಕೆ ಉಗುಳಬಹುದಿತ್ತು. ಹೊರಗೆ ರೊಪ್ಪದಲ್ಲಿ ದನಗಳು ಕೂಗುತ್ತಿದ್ದವು, ಹೊತ್ತಾಗಿತ್ತು. ಈ ದನಗಳಿಗಾಗಿ ಅಪ್ಪ ಕಲ್ಲಿನೇಟು ತಿಂದಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಅಪ್ಪನಿಗೆ ಕತ್ತಿನ ತನಕ ಕಂಬಳಿ ಹೊದಿಸಿ, ಪಾಸನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಜೊತೆ ನಡೆದೆ.

ಶಿವಕುಮಾರಪ್ಪ ಗೇಟಿನಿಂದಲೇ, "ಮಲಗವ್ರಾ?" ಎಂದು ಕೇಳಿದ. ಹೂಂ, ರಾತ್ರಿ ನಿದ್ದೆ ಬರಲಿಲ್ಲ ಎಂದೆ. ಅವನು ದನಗಳನ್ನು ಒಳಗೆ ಬಿಟ್ಟ. ನಾನು ಅಪ್ಪನ ಪಕ್ಕ ಕೂತು ಬೇವಿನ ಸೊಪ್ಪಿನಿಂದ ನೊಣ ಓಡಿಸಿದೆ. ಬಿಸಿಲು ತಿರುಗಿದ ಹಾಗೆ ಮಂಚ ತಿರುಗಿಸಿದೆ. ಒಂದು ಸಲ ಗಂಜಿಯ ಬಟ್ಟಲನ್ನು ಅವನ ಬಾಯಿಗೂ ಹಿಡಿದೆ, ಗಾರ್ಡು ನೋಡಲಿ ಎಂದು. ಸಂಜೆ ದನಗಳು ಹೊಟ್ಟೆ ತುಂಬಿಕೊಂಡು ಬಂದವು.

ಹಳ್ಳದ ಆಚೆ ಹೂಳಿದರು. ಕಿಲಾರಿಗಳನ್ನು ಹೂಳುವ ಜಾಗ ಬೇಲಿಯ ಒಳಗಿದೆ, ಅಲ್ಲಿಗೆ ಪಾಸಿಲ್ಲ. ಉರುಮೆ ಬಡಿಯಲಿಲ್ಲ. ಮಣ್ಣನ್ನು ಮಟ್ಟ ಮಾಡಿ ಮೇಲೆ ಜಾಲಿಮುಳ್ಳು ಎಳೆದರು. ಬಾಗೂರಿನಿಂದ ಜುಂಜೇಶನನ್ನೂ ಕರೆಸಲಿಲ್ಲ.

ಮರುದಿನದಿಂದ ನಾನೇ ಹೋಗುತ್ತಿದ್ದೇನೆ. ಅಪ್ಪನ ಪಂಚೆ ಉಟ್ಟು, ತಲೆಯ ಮೇಲಿಂದ ಕಂಬಳಿ ಹೊದ್ದು, ಗೇಟಿಗೆ ಬೆನ್ನು ಹಾಕಿ ಮಂಚದ ಮೇಲೆ ಮಲಗುತ್ತೇನೆ. ಜಂಪಣ್ಣ ದೊಡ್ಡಪ್ಪ ಪಾಸು ತೋರಿಸುತ್ತಾನೆ. ಶಿವಕುಮಾರಪ್ಪ ಮೊದಲೆಲ್ಲ ಹತ್ತಿರ ಬಂದು ಮಾತಾಡಿಸಿ ಹೋಗುತ್ತಿದ್ದ. ಈಗ ಬರುವುದಿಲ್ಲ. ಅವನಿಗೆ ತಿಳಿದಿದೆಯೋ ಏನೋ, ನಾನು ಕೇಳಿಲ್ಲ. ಕಂಬಳಿಯೊಳಗೆ ಬೇಯುತ್ತದೆ. ಅಪ್ಪನ ವಾಸನೆ ಇನ್ನೂ ಇದೆ.

ಈಗ ನೀನು ಮಾಡಬೇಕಾದದ್ದನ್ನು ಬರೆಯುತ್ತೇನೆ. ಬರಬೇಡ. ತಲೆ ಬೋಳಿಸಬೇಡ, ತಿಥಿ ಮಾಡಬೇಡ. ನಿನ್ನ ಹೆಂಡತಿಗೂ ಹೇಳಬೇಡ. ಪೇಪರಿನಲ್ಲಿ ಫೋಟೋ ಹಾಕಿಸಬೇಡ. ನಿನ್ನ ಕಾರ್ಯಕ್ರಮ ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ, ಅದನ್ನು ನಡೆಸು. ತಂದೆಯವರಿಗೆ ಮೈ ಸರಿಯಿಲ್ಲ, ವೇದಿಕೆಗೆ ಬರಲಾಗಲಿಲ್ಲ ಎಂದು ಹೇಳು. ಆ ಶಾಲನ್ನು ಖಾಲಿ ಕುರ್ಚಿಗೆ ಹೊದಿಸು. ನಗುತ್ತಾ ಹೊದಿಸು, ಫೋಟೋ ತೆಗೆಯುತ್ತಾರೆ. ನಿನ್ನ ಮಸೂದೆ ಪಾಸಾಗುವ ತನಕ, ಈ ದನಗಳಿಗೆ ಹುಲ್ಲು ಬೇಕಿರುವ ತನಕ, ನಿನ್ನ ಅಪ್ಪ ಬದುಕಿದ್ದಾನೆ. ಕಾನೂನು ಹಾಗಿದೆ.

ಹಟ್ಟಿಯವರು ನಿನ್ನ ಬಗ್ಗೆ ಹೆದರಿದ್ದಾರೆ. ಮಗ ತಡೆದುಕೊಳ್ಳುತ್ತಾನೆಯೇ ಎಂದು ನನ್ನನ್ನು ಕೇಳಿದರು. ತಡೆದುಕೊಳ್ಳುತ್ತಾನೆ ಎಂದು ಹೇಳಿದ್ದೇನೆ.

ಮಳೆ ಬಿದ್ದು, ಹಟ್ಟಿಯ ಹೆಸರಿನ ಪಾಸು ಕೈಗೆ ಬಂದ ದಿನ ತಿಳಿಸುತ್ತೇನೆ. ಅಪ್ಪ ಆ ದಿನ ಸಾಯುತ್ತಾನೆ. ಆಗ ಬಂದು ಅಳು.

ಯಶೋದಾ